ಬೆನ್ನ ಮೇಲಿನ ಹೊಲಿಗೆ

ಹೋದ ವರ್ಷದ ಗಣೇಶೋತ್ಸವದಲ್ಲಿ, ರಾಜಾಜಿನಗರದ ಒಂದು ಪೆಂಡಾಲಿನಲ್ಲಿ, ಮಹನೀಯರೊಬ್ಬರು ಭಾಷಣ ಮಾಡಿದರು. ದೇಶದ ವಿದೇಶಿ ವಿನಿಮಯವೆಲ್ಲ ಹೊರಗೆ ಹರಿದುಹೋಗುತ್ತಿದೆಯಂತೆ. ಕಾರಣ ಹೆಂಗಸರಂತೆ. ಫಾರಿನ್ ಸೀರೆ, ಫಾರಿನ್ ಸೆಂಟು, ಫಾರಿನ್ ಟೇಪ್ ರೆಕಾರ್ಡರು ಎಂದು ಬಾಯಿ ಬಿಡುವ ನಮ್ಮ ಮನೆಗಳ ಹೆಂಗಸರು. "ತಾಯಂದಿರೇ, ಈ ಹುಚ್ಚೊಂದು ಬಿಟ್ಟುಬಿಡಿ, ದೇಶ ತಾನಾಗಿ ಉದ್ಧಾರವಾಗುತ್ತದೆ" ಎಂದು ಅವರು ಕೈ ಮುಗಿದಾಗ ಎರಡನೇ ಸಾಲಿನಲ್ಲಿದ್ದ ಒಬ್ಬ ತಾಯಿ ಗಟ್ಟಿಯಾಗಿ ನಕ್ಕುಬಿಟ್ಟರು. ಪಕ್ಕದಲ್ಲಿ ಕುಳಿತಿದ್ದ ಅವರ ಯಜಮಾನರು ಗದರಿಸುತ್ತಾರೆಂದುಕೊಂಡೆ. ಅವರೂ ನಕ್ಕರು.

ಹಾಗೆ ನಕ್ಕವರು ಮೂರನೇ ಬ್ಲಾಕಿನ ಅನಂತಲಕ್ಷ್ಮಿ ಮತ್ತು ಚಕ್ರಪಾಣಿ. ಭಾಷಣಕಾರರ ಹೆಸರು ಮರೆತೆ, ಮರೆತದ್ದಕ್ಕೆ ಸಂತೋಷವೂ ಇದೆ. ಈ ದಂಪತಿಗಳ ನಗೆ ಮಾತ್ರ ಮರೆಯಲಾರೆ. ಆಮದು ಎಂದರೆ ಏನು, ಅದು ಯಾರಿಗೆ ಬೇಕು, ಯಾಕೆ ಬೇಕು ಎಂದು ಆ ಭಾಷಣಕಾರರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಮನೆಯೊಳಗೇ ಅನುಭವಿಸಿದ್ದರು.

ಅನಂತಲಕ್ಷ್ಮಿಯವರ ಮನೆಯ ಹಜಾರದಲ್ಲಿ ಕಿಟಕಿಗೆ ಆತುಕೊಂಡು ಒಂದು ಹೆಣಿಗೆ ಯಂತ್ರವಿದೆ. ಉದ್ದನೆಯ ಕಬ್ಬಿಣದ ಹಾಸು, ಅದರ ಮೇಲೆ ಬಾಚಣಿಗೆ ಹಲ್ಲಿನಂತೆ ಸಾಲಾಗಿ ನೂರ ಎಂಬತ್ತು ಸೂಜಿ. ಮೇಲೊಂದು ಹಿಡಿ. ಹಿಡಿಯನ್ನು ಎಡದಿಂದ ಬಲಕ್ಕೆ ಎಳೆದರೆ ಒಂದು ಸಾಲು ಹೆಣಿಗೆ, ಬಲದಿಂದ ಎಡಕ್ಕೆ ಎಳೆದರೆ ಇನ್ನೊಂದು ಸಾಲು. 'ಖರ್' ಎಂಬ ಆ ಸದ್ದು ಬೆಳಗ್ಗೆ ಹತ್ತು ಗಂಟೆಗೆ, ಚಕ್ರಪಾಣಿಯವರು ಬಸ್ಸು ಹತ್ತಿದ ಮೇಲೆ, ಶುರುವಾಗುತ್ತದೆ. ಆ ಸದ್ದಿಲ್ಲದ ದಿನ ಪಕ್ಕದ ಮನೆಯವರು "ಮೈ ಹುಷಾರಿಲ್ವೇನ್ರೀ?" ಎಂದು ವಿಚಾರಿಸಲು ಬರುತ್ತಾರೆ.

ಎಪ್ಪತ್ತೊಂದರಲ್ಲಿ ಮಹಿಳಾ ಸಮಾಜದವರು ನಡೆಸಿದ ಮೂರು ತಿಂಗಳ ತರಗತಿಯಲ್ಲಿ ಆಕೆ ಈ ಕೆಲಸ ಕಲಿತರು. ಕೈಬಳೆ ಎರಡು ಹೋಗಿ ಯಂತ್ರ ಬಂತು. ಮೊದಮೊದಲು ನೆಂಟರ ಮಕ್ಕಳಿಗೆ ಟೋಪಿ, ಬಾಣಂತಿಯರಿಗೆ ಕಾಲುಚೀಲ. ಆಮೇಲೆ ಊರು ಪಶ್ಚಿಮಕ್ಕೆ ಬೆಳೆಯತೊಡಗಿತು. ವಿಜಯನಗರದಲ್ಲಿ ಹೊಸ ಮನೆಗಳು ಎದ್ದವು, ಬಸವೇಶ್ವರನಗರದಲ್ಲಿ ಸೈಟಿನ ಕಲ್ಲು ನೆಟ್ಟರು. ಮನೆಯಾದ ಕಡೆ ಮಕ್ಕಳು, ಮಕ್ಕಳಿದ್ದ ಕಡೆ ಶಾಲೆ. ಕಮಲಾಕ್ಷಮ್ಮ ಎಂಬ ಟೀಚರು ಮಾರೇನಹಳ್ಳಿಯ ಹತ್ತಿರ ಶೀಟಿನ ಚಾವಣಿಯ ಕೆಳಗೆ ನಲವತ್ತು ಮಕ್ಕಳೊಂದಿಗೆ ಶುರು ಮಾಡಿದ ಶಾಲೆ ಮೂರೇ ವರ್ಷದಲ್ಲಿ ನೂರ ಅರವತ್ತು ಮಕ್ಕಳದ್ದಾಯಿತು. ಲೇಔಟಿನ ಗುಮಾಸ್ತರ ಮಕ್ಕಳು, ಹಳೇ ಹಳ್ಳಿಯ ಒಕ್ಕಲು ಮನೆಗಳ ಮಕ್ಕಳು, ಒಂದೇ ಬೆಂಚಿನಲ್ಲಿ.

ಎಪ್ಪತ್ತನಾಲ್ಕರ ಆಷಾಢದಲ್ಲಿ ಕಮಲಾಕ್ಷಮ್ಮ ಮನೆಗೇ ಬಂದರು.

"ಅನಂತಲಕ್ಷ್ಮಿ, ನಮ್ ಶೆಡ್ಡಿನಲ್ಲಿ ಗಾಳಿ ಹೇಗೆ ಹೊಡೆಯತ್ತೆ ಅಂತ ನೀವು ಬಂದು ನೋಡ್ಬೇಕು. ಒಂದನೇ ಕ್ಲಾಸಿನವು ಮಗ್ಗಿ ಹೇಳ್ತಾ ಹಲ್ಲು ಕಡೀತಾವೆ. ಎಲ್ಲರಿಗೂ ಸ್ವೆಟರ್ ಮಾಡಿಸ್ಬೇಕು ಅಂತಿದೀನಿ. ಒಂದೇ ಬಣ್ಣ, ಕೆಂಪು."

"ಎಲ್ಲಾರ್ಗೂನಾ ಮಿಸ್? ನನ್ ಕೈಲೇ?"

"ದಸರಾ ರಜ ಮುಗಿದು ಸ್ಕೂಲ್ ತೆಗೆಯೋ ದಿನ ನೂರ ಅರವತ್ತೂ ಬೇಕು. ಅರ್ಧ ಕೊಟ್ಟು ಅರ್ಧ ಆಮೇಲೆ ಅನ್ನೋ ಹಾಗಿಲ್ಲ. ಒಂದು ಮಗು ಹಾಕ್ಕೊಂಡು ಇನ್ನೊಂದು ಮಗು ನೋಡ್ತಾ ಕೂತ್ರೆ ನನಗೆ ಆಗಲ್ಲ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಪೇಟೆಯಿಂದ ರೆಡಿಮೇಡ್ ತರಿಸ್ತೀನಿ."

"ಆಗತ್ತೆ ಮಿಸ್" ಎಂದುಬಿಟ್ಟರು ಅನಂತಲಕ್ಷ್ಮಿ. ಮೂವತ್ತೆಂಟು ವರ್ಷದ ಬದುಕಿನಲ್ಲಿ ಯಾರೂ ಆಕೆಯನ್ನು ಇಷ್ಟು ದೊಡ್ಡದೊಂದು ಕೇಳಿರಲಿಲ್ಲ. ಮದುವೆಗೆ ಮುಂಚೆ ಅಪ್ಪನ ಮಗಳು, ಆಮೇಲೆ ಚಕ್ರಪಾಣಿಯವರ ಹೆಂಡತಿ. ಕಮಲಾಕ್ಷಮ್ಮ ತಮ್ಮ ಪುಸ್ತಕದಲ್ಲಿ 'ಸ್ವೆಟರ್: ಅನಂತಲಕ್ಷ್ಮಿ' ಎಂದು ಬರೆದುಕೊಂಡರು. ಆ ಹೆಸರು ಹಾಗೆ ಒಂಟಿಯಾಗಿ ಕಾಗದದ ಮೇಲೆ ಬಂದದ್ದು ಅದೇ ಮೊದಲು.

ತೊಂದರೆ ಸೂಜಿಯದು. ಯಂತ್ರವೇನೋ ಲೂಧಿಯಾನದ್ದು, ಅಪ್ಪಟ ನಮ್ಮ ದೇಶದ್ದು. ಅದರ ಸೂಜಿ ಜಪಾನಿನದು. ತುದಿಯಲ್ಲಿ ಪುಟ್ಟ ಕೊಕ್ಕೆ, ಕೊಕ್ಕೆಯನ್ನು ಮುಚ್ಚಿ ತೆರೆಯುವ ಅಕ್ಕಿಕಾಳಿನಷ್ಟು ನಾಲಿಗೆ. ಹೆಣಿಗೆ ಹೆಚ್ಚಾದಷ್ಟೂ ಸೂಜಿ ಮುರಿಯುತ್ತದೆ. ಅಂದರೆ ಮಾರೇನಹಳ್ಳಿಯಲ್ಲಿ ಒಂದು ಮಗು ಶಾಲೆಗೆ ಸೇರಿದರೆ ಜಪಾನಿನಿಂದ ಒಂದು ಸೂಜಿ ಹಡಗು ಹತ್ತಬೇಕು. ಸೆಂಟು ಬಾಟಲಿಯ ಬಗ್ಗೆ ಕೂಗಾಡುವವರಿಗೆ ಈ ಲೆಕ್ಕ ಹೇಳಿಕೊಡುವವರು ಯಾರು?

ಚಕ್ರಪಾಣಿಯವರಿಗೂ ಆಗ ಅದು ತಿಳಿದಿರಲಿಲ್ಲ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಸಣ್ಣ ಕಾರ್ಖಾನೆಯವರು ಹೊರದೇಶದಿಂದ ಏನಾದರೂ ತರಿಸಬೇಕೆಂದರೆ ಅರ್ಜಿ ಮೊದಲು ಅವರ ಮೇಜಿಗೆ ಬರಬೇಕು. 'ಈ ವಸ್ತು ದೇಶದಲ್ಲಿ ಸಿಗುವುದಿಲ್ಲ' ಎಂದು ಅವರು ಟಿಪ್ಪಣಿ ಬರೆದರೆ ಅರ್ಜಿ ಮುಂದಕ್ಕೆ, 'ಸಿಗುತ್ತದೆ' ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಲಂಚ ಮುಟ್ಟದ ಮನುಷ್ಯ. ಹೊರದೇಶದ ಬ್ಲೇಡಿನಲ್ಲಿ ಗಡ್ಡ ಕೂಡ ಹೆರೆಯುತ್ತಿರಲಿಲ್ಲ, ಬೇಕಾದರೆ ದೇಶೀ ಬ್ಲೇಡಿನಲ್ಲಿ ಕೆನ್ನೆ ಕುಯ್ದುಕೊಳ್ಳುತ್ತಿದ್ದರು.

"ಒಂದು ಸೂಜಿ ಮಾಡೋಕಾಗಲ್ವೇನೇ ಈ ದೇಶಕ್ಕೆ? ನಾಚ್ಕೆ ಆಗ್ಬೇಕು."

"ದೇಶಕ್ಕೆ ಆಮೇಲೆ ನಾಚ್ಕೆ ಆಗ್ಲಿ ರೀ. ಮೊದ್ಲು ಆಫೀಸಿಂದ ಬರ್ತಾ ಚಿಕ್ಕಪೇಟೇಲಿ ಇಳಿದು ಹತ್ತು ಸೂಜಿ ತನ್ನಿ."

"ಜಪಾನಿನ ಸೂಜಿ ನನ್ ಕೈಲಿ ತರಿಸ್ಬೇಡ."

"ಹಾಗಾದ್ರೆ ಆ ಸ್ವೆಟರ್ ಬಿಚ್ಚಿಟ್ಟು ಮಾತಾಡಿ. ಅದ್ರ ಉಲ್ಲನ್ ಆಸ್ಟ್ರೇಲಿಯಾದ ಕುರೀದು."

ಚಕ್ರಪಾಣಿ ಬಿಚ್ಚಲಿಲ್ಲ. ಹೊರಗೆ ಆಷಾಢದ ಗಾಳಿ ಇತ್ತು.

ಗಂಡನ ಈ ಕೊರಗು ಕೇಳಿ ಕೇಳಿ ಸಾಕಾಗಿಯೋ, ಅವರನ್ನು ಒಂದು ಸಲ ಸಂತೋಷಪಡಿಸೋಣವೆಂದೋ, ಅನಂತಲಕ್ಷ್ಮಿ ಮುರಿದ ಸೂಜಿಗಳನ್ನು ಚಿಕ್ಕಣ್ಣನಿಗೆ ತೋರಿಸಿದರು. ಚಿಕ್ಕಣ್ಣ ಮಾರೇನಹಳ್ಳಿಯವನು. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸೈಟುಗಳಿವೆ. ಮಗ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ಲೇತ್ ಓಡಿಸಿ, ಈಗ ಸ್ವಂತ ಶೆಡ್ಡಿನಲ್ಲಿ ಒಂದೇ ಒಂದು ಲೇತ್ ಇಟ್ಟುಕೊಂಡು, ಮಿಕ್ಸಿಯಿಂದ ಮೋಟಾರಿನವರೆಗೆ ಕೆಟ್ಟದ್ದೆಲ್ಲ ಸರಿಮಾಡುತ್ತಿದ್ದ. ಹೆಣಿಗೆ ಯಂತ್ರದ ಹಿಡಿ ಸಿಕ್ಕಿಹಾಕಿಕೊಂಡಾಗಲೂ ಅವನೇ ಬರುತ್ತಿದ್ದ. ಸೂಜಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಇದೇನ್ ಅಮ್ಮಾವ್ರೇ, ಇಷ್ಟೇನಾ? ಕೊಡಿ ಇಲ್ಲಿ. ಜಪಾನ್‌ನೋನ್ಗೂ ಇರೋದು ಎರಡೇ ಕೈ."

ವಾರ ಕಳೆದು ಹನ್ನೆರಡು ಸೂಜಿ ತಂದ. ಅನಂತಲಕ್ಷ್ಮಿ ಅವನ್ನು ಯಂತ್ರದ ಹಾಸಿನಲ್ಲಿ ಕೂರಿಸಿ ಹಿಡಿ ಎಳೆದರು. ನೂಲಿನ ಒಂದು ಕುಣಿಕೆಯೂ ಜಾರಲಿಲ್ಲ. ಆ ಸಂಜೆ ಚಕ್ರಪಾಣಿ ಕಾಫಿ ಕುಡಿಯುವಾಗ ತಟ್ಟೆಯ ಪಕ್ಕದಲ್ಲಿ ಎರಡು ಸೂಜಿ ಇಟ್ಟರು.

"ಏನಿದು?"

"ಮಾರೇನಹಳ್ಳಿ ಸೂಜಿ."

ಚಕ್ರಪಾಣಿಯವರ ಕಣ್ಣು ತುಂಬಿತು. ಉತ್ಪ್ರೇಕ್ಷೆಯಲ್ಲ, ಆಕೆಯೇ ನನಗೆ ಹೇಳಿದ್ದು. ಎರಡನ್ನೂ ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಮರುದಿನ ಕಚೇರಿಗೆ ಒಯ್ದರು.

ಅವರ ಮೇಜಿನ ಮೇಲೆ ಬನಿಯನ್ನು, ಸ್ವೆಟರು ಮಾಡುವ ಸಣ್ಣ ಘಟಕಗಳವರ ಅರ್ಜಿ ಕಾದಿತ್ತು. ಹೆಣಿಗೆ ಸೂಜಿ ತರಿಸಲು ಅನುಮತಿ ಬೇಕು ಎಂದು. ಪೆಟ್ರೋಲಿನ ಬೆಲೆ ಏರಿ, ಸೀಮೆಎಣ್ಣೆಗೆ ಕ್ಯೂ ನಿಂತ ವರ್ಷ ಅದು. ಹೊರಗಿನಿಂದ ತರಿಸುವುದನ್ನೆಲ್ಲ ಬಿಗಿ ಹಿಡಿಯಿರಿ ಎಂದು ಮೇಲಿನಿಂದ ಆಜ್ಞೆ ಬಂದಿತ್ತು. ಚಕ್ರಪಾಣಿ ಬರೆದರು: 'ಸದರಿ ಸೂಜಿ ಬೆಂಗಳೂರಿನಲ್ಲೇ ತಯಾರಾಗುತ್ತಿದೆ. ಮಾದರಿ ಲಗತ್ತಿಸಿದೆ. ಆಮದು ಅನಗತ್ಯ.' ಸಾಹೇಬರು ಗೋಪೀನಾಥರು ಸೂಜಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಚಕ್ರಪಾಣಿಯವರ ಬೆನ್ನು ತಟ್ಟಿ, ಸಹಿ ಹಾಕಿದರು.

ಎರಡು ಸೂಜಿ ನೋಡಿ ಎರಡು ಲಕ್ಷ ಸೂಜಿ ನಿಲ್ಲಿಸಿದರು. ಚಿಕ್ಕಣ್ಣ ತಿಂಗಳಿಗೆ ಎಷ್ಟು ಮಾಡಬಲ್ಲ ಎಂದು ಕೇಳಲಿಲ್ಲ. ಯಾವುದರಿಂದ ಮಾಡಿದ ಎಂದು ಕೇಳಲಿಲ್ಲ. ಶೆಡ್ಡು ಎಲ್ಲಿದೆ ಎಂದು ಒಬ್ಬರೂ ಕುರ್ಚಿ ಬಿಟ್ಟು ಎದ್ದು ಹೋಗಿ ನೋಡಲಿಲ್ಲ. ನಮ್ಮ ಕಚೇರಿಗಳಲ್ಲಿ ದೇಶಪ್ರೇಮ ಹೀಗೆ ಕುರ್ಚಿಯಲ್ಲಿ ಕೂತೇ ನಡೆಯುತ್ತದೆ. ಕಳ್ಳನ ತಪ್ಪನ್ನು ಹಿಡಿಯಬಹುದು, ಒಳ್ಳೆಯವನ ತಪ್ಪನ್ನು ಹಿಡಿಯುವುದು ಕಷ್ಟ, ಏಕೆಂದರೆ ಸುತ್ತಲಿನವರು ಚಪ್ಪಾಳೆ ತಟ್ಟುತ್ತಿರುತ್ತಾರೆ.

ಶ್ರಾವಣದಲ್ಲಿ ಹೆಣಿಗೆ ಭರದಿಂದ ಸಾಗಿತು. ಸೂಜಿ ಮುರಿಯುವುದೂ ಭರದಿಂದ ಸಾಗಿತು. ಚಿಕ್ಕಣ್ಣ ಇನ್ನೊಂದಷ್ಟು ಮಾಡಿಕೊಟ್ಟ. ಆದರೆ ಈ ಸಲದವು ಬೇರೆ ಥರ. ಎರಡು ದಿನ ಚೆನ್ನಾಗಿದ್ದು, ಮೂರನೇ ದಿನ ಕೊಕ್ಕೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಕುಣಿಕೆ ಜಾರಿ ಸ್ವೆಟರಿನ ಎದೆಯಲ್ಲಿ ತೂತು. ಒಮ್ಮೆಯಂತೂ ಬಾಗಿದ ಒಂದು ಸೂಜಿಗೆ ಹಿಡಿ ಸಿಕ್ಕಿಕೊಂಡು ಅಕ್ಕಪಕ್ಕದ ಎಂಟು ಜಪಾನಿ ಸೂಜಿಗಳನ್ನೂ ಮುರಿದುಹಾಕಿತು.

ಸೂಜಿ ಕಡಿಮೆಯಾದರೆ ಹೆಣೆಯುವವರು ಮಾಡುವುದು ಒಂದೇ. ಹಾಸಿನ ಎರಡೂ ಅಂಚಿನಿಂದ ಸೂಜಿ ಕಿತ್ತು ನಡುವಿಗೆ ಸೇರಿಸುತ್ತಾರೆ. ನಡುವೆ ಖಾಲಿ ಬಿಟ್ಟರೆ ಹೆಣಿಗೆಯಲ್ಲಿ ತೂತಾಗುತ್ತದಲ್ಲ, ಅದಕ್ಕೆ. ಹಾಗಾಗಿ ಒಂದೊಂದು ಸೂಜಿ ಸತ್ತಾಗಲೂ ಬಟ್ಟೆಯ ಅಗಲ ಕಡಿಮೆಯಾಗುತ್ತಾ ಬಂತು. ಶ್ರಾವಣದ ಕೊನೆಗೆ ಏಳನೇ ಕ್ಲಾಸಿನ ಹುಡುಗರ ಬೆನ್ನಿಗೆ ಅಗಲ ಸಾಲದಾಯಿತು. ಐದನೇ ಕ್ಲಾಸಿನದು ಹೆಣೆದರು. ಆಮೇಲೆ ಅದಕ್ಕೂ ಸಾಲದು. ಗೌರಿ ಹಬ್ಬದ ಹೊತ್ತಿಗೆ ನಡುವೆ ಎಪ್ಪತ್ತು ಸೂಜಿ ಉಳಿದಿದ್ದವು. ಒಂದನೇ ಕ್ಲಾಸಿನ ಮಕ್ಕಳ ಬೆನ್ನಿಗೂ ಅದು ಸಾಲದು. ಎಂಬತ್ತೆರಡು ಸ್ವೆಟರು ಮಡಿಸಿ ಟ್ರಂಕಿನಲ್ಲಿತ್ತು. ಎಪ್ಪತ್ತೆಂಟು ಬಾಕಿ. ಮೂಲೆಯಲ್ಲಿ ಕೆಂಪು ಉಲ್ಲನ್ ಗುಡ್ಡೆ ಬಿದ್ದಿತ್ತು. ಸದ್ದು ನಿಂತಿತು. ಪಕ್ಕದ ಮನೆಯವರು ವಿಚಾರಿಸಲು ಬಂದರು.

ಹಬ್ಬ ಮುಗಿದ ಮೂರನೇ ದಿನ ಅನಂತಲಕ್ಷ್ಮಿ ತಾವೇ ಚಿಕ್ಕಪೇಟೆಗೆ ಹೋದರು. ಉಲ್ಲನ್ ಅಂಗಡಿಯ ಗುರುಬಸಪ್ಪ ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ತೋರಿಸಿದರು.

"ಒಂದೂ ಇಲ್ಲ ತಾಯಿ. ಮುಂದೂ ಬರಲ್ಲ."

"ಯಾಕೆ?"

"ಹೆಣಿಗೆಯೋರ ಅರ್ಜೀನ ಗವರ್ನಮೆಂಟ್‌ನೋರು ವಾಪಸ್ ಹಾಕಿದ್ರು. ಸೂಜಿ ಬೆಂಗ್ಳೂರ್ನಲ್ಲೇ ತಯಾರಾಗತ್ತಂತೆ. ಯಾರೋ ಒಬ್ಬ ಪುಣ್ಯಾತ್ಮ ಆಫೀಸ್ನಲ್ಲಿ ಬರೆದವ್ನೆ. ಸ್ಯಾಂಪಲ್ಲೂ ಕಟ್ಟವ್ನಂತೆ ಫೈಲಿಗೆ! ಆ ಸೂಜಿ ಮಾಡೋ ದೇವರು ಎಲ್ಲವ್ನೆ ಅಂತ ನಾವೂ ಹುಡುಕ್ತಾ ಇದೀವಿ. ಕಂಡ್ರೆ ಸ್ವಲ್ಪ ಹೇಳಿ ತಾಯಿ, ಆರತಿ ಎತ್ತೋಣ."

ಅನಂತಲಕ್ಷ್ಮಿ ಬಸ್ಸು ಹತ್ತಿದರು. ಆ ಬೆಂಕಿಪೊಟ್ಟಣ ಅವರ ಕಣ್ಣಮುಂದೆ ಬಂತು. ಅದರೊಳಗಿನ ಸೂಜಿಯನ್ನು ತಟ್ಟೆಯ ಪಕ್ಕದಲ್ಲಿಟ್ಟ ಕೈ ತಮ್ಮದೇ ಎಂಬುದೂ ನೆನಪಾಯಿತು.

ಭಾನುವಾರ ಬೆಳಗ್ಗೆ ಚಕ್ರಪಾಣಿ ಪೇಪರು ಓದುತ್ತಿದ್ದರು. ಆಕೆ ಎದುರಿಗೆ ಬಂದು ಕುಳಿತರು.

"ರೀ, ಗುರುಬಸಪ್ಪನವರು ನಿಮಗೆ ಆರತಿ ಎತ್ತಬೇಕಂತೆ."

"ಯಾವ ಗುರುಬಸಪ್ಪ? ಯಾಕೆ?"

ಆಕೆ ಹೇಳಿದರು. ಪೇಪರು ಕೆಳಗಿಳಿಯಿತು.

"ಅದು ಹಾಗಲ್ಲ ಕಣೇ. ಚಿಕ್ಕಣ್ಣ ಮಾಡ್ತಾನಲ್ಲ? ನೀನೇ ಕೊಟ್ಯಲ್ಲ?"

"ನಾನು ಕೊಟ್ಟಿದ್ದು ನಿಮ್ಮ ಸಂತೋಷಕ್ಕೆ. ನೀವು ಅದನ್ನ ಸರ್ಕಾರಕ್ಕೆ ಕೊಟ್ರಿ. ಬನ್ನಿ, ಎದ್ದೇಳಿ, ಹೋಗಿ ಕೇಳೋಣ."

ಇಬ್ಬರೂ ಚಿಕ್ಕಣ್ಣನ ಶೆಡ್ಡಿಗೆ ನಡೆದರು. ಭಾನುವಾರವಾದರೂ ಅವನು ಕೆಲಸದಲ್ಲಿದ್ದ. ಸೂಜಿಯ ವಿಷಯ ಎತ್ತುತ್ತಲೇ ತಲೆ ಕೆರೆದುಕೊಂಡ.

"ಮೊದಲ್ನೇವು ಸರಿಯಾಗಿದ್ವಲ್ಲೋ ಚಿಕ್ಕಣ್ಣ? ಈಗ ಏನಾಯ್ತು ನಿನ್ನ ಕೈಗೆ?" ಎಂದರು ಚಕ್ರಪಾಣಿ.

"ಕೈಗೇನೂ ಆಗಿಲ್ಲ ಸ್ವಾಮಿ. ತಂತಿ ಮುಗೀತು."

ಮೂಲೆಯಿಂದ ಒಂದು ಖಾಲಿ ಸುರುಳಿ ತಂದ. ಅದಕ್ಕೆ ಎಣ್ಣೆ ಹಿಡಿದ ಒಂದು ಚೀಟಿ ಅಂಟಿತ್ತು. ಚಕ್ರಪಾಣಿ ಕನ್ನಡಕ ಏರಿಸಿ ಓದಿದರು. ಸ್ವೀಡನ್ ದೇಶದ ಉಕ್ಕು.

"ನಾಯಂಡಹಳ್ಳಿ ಗುಜರೀಲಿ ಸಿಕ್ಕಿತ್ತು ಸ್ವಾಮಿ, ಯಾವುದೋ ಕಾರ್ಖಾನೆದು. ಎಂಥಾ ತಂತಿ ಅಂತೀರಾ! ಬಗ್ಗಿಸಿದ್ರೆ ಬಗ್ಗತ್ತೆ, ಬಿಟ್ರೆ ಹಾವಿನ್ ಥರ ನೆಟ್ಟಗಾಗತ್ತೆ. ಅಷ್ಟೇ ಇದ್ದಿದ್ದು. ನಮ್ ಕಡೆ ಸಿಗೋ ತಂತೀಲಿ ಮಾಡಿದ್ರೆ ಎರಡೇ ದಿನಕ್ಕೆ ಬಾಯಿ ಬಿಡತ್ತೆ."

"ಮತ್ತೆ ಇದು ಹೊರದೇಶದ ತಂತಿ ಅಂತ ಯಾಕೋ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ ಸ್ವಾಮಿ? ಚೆನ್ನಾಗಿದೆ ಅಂದ್ರಿ, ತಗೊಂಡೋದ್ರಿ."

ಚಕ್ರಪಾಣಿ ಅಲ್ಲಿದ್ದ ಮರದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಗ್ರೀಸು ಪಂಚೆಗೆ ಹತ್ತಿತು, ಗಮನಿಸಲಿಲ್ಲ.

"ಈಗ ಏನು ಮಾಡಿದ್ರೂ ಲೈಸೆನ್ಸು ಬಂದು, ಹಡಗು ಬಂದು, ಸೂಜಿ ಬರೋಕೆ ಸಂಕ್ರಾಂತಿ ಆಗತ್ತೆ ಕಣೇ. ನಿನ್ನ ಸ್ವೆಟರ್ ನಾನೇ ನಿಲ್ಲಿಸಿಬಿಟ್ಟೆ."

"ನನ್ನ ಸ್ವೆಟರ್ ನಾನು ನೋಡ್ಕೋತೀನಿ. ನೀವು ನಿಮ್ಮ ಫೈಲು ನೋಡ್ಕೊಳ್ಳಿ" ಎಂದರು ಅನಂತಲಕ್ಷ್ಮಿ.

ಧೈರ್ಯದ ಮಾತು ಆಡಿದ್ದೇನೋ ಆಯಿತು. ಮನೆಗೆ ಬಂದು ಯಂತ್ರದ ಮುಂದೆ ಕುಳಿತರೆ ಅದೇ ಎಪ್ಪತ್ತು ಸೂಜಿ. ದಸರಾ ರಜ ಮುಗಿಯಲು ಐದು ವಾರ. ಏಳನೇ ಕ್ಲಾಸಿನ ಬೆನ್ನಿಗೆ, ಸೂಜಿಗೊಂದರಂತೆ, ನೂರ ಹತ್ತು ಕುಣಿಕೆ ಬೇಕು. ಟ್ರಂಕಿನಿಂದ ಮುಗಿದ ಸ್ವೆಟರೊಂದನ್ನು ತೆಗೆದು ಮಂಡಿಯ ಮೇಲೆ ಹಾಸಿಕೊಂಡು ನೋಡುತ್ತಾ ಕುಳಿತರು. ಪಕ್ಕದಲ್ಲಿ ಒಗೆದು ಮಡಿಸಿದ ಚಕ್ರಪಾಣಿಯವರ ಪಂಚೆ ಇತ್ತು. ಅಗಲ ಸಾಲದೆಂದು ಎರಡು ತುಂಡು ಕೂಡಿಸಿ ನಡುವೆ ಹೊಲಿದ ಪಂಚೆ.

ಆಕೆ ನೆಟ್ಟಗೆ ಕುಳಿತರು. ನೂರ ಹತ್ತು ಕುಣಿಕೆಯ ಒಂದು ಬೆನ್ನು ಆಗದಿದ್ದರೆ ಐವತ್ತೈದರ ಎರಡು ಅರೆಬೆನ್ನು. ಮುಂಭಾಗವೂ ಎರಡು ತುಂಡು, ನಡುವೆ ಗುಂಡಿ. ತೋಳಿಗಂತೂ ಎಪ್ಪತ್ತು ಧಾರಾಳ. ಬೆನ್ನಿನ ನಡುವೆ ಕತ್ತಿನಿಂದ ಸೊಂಟದವರೆಗೆ ಒಂದು ಹೊಲಿಗೆ ಬರುತ್ತದೆ, ಬರಲಿ.

ಮಾಡಿದ್ದ ಎಂಬತ್ತೆರಡಕ್ಕೆ ಆ ಗೆರೆ ಇರಲಿಲ್ಲ. ಒಂದು ಮಗುವಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಆಗುವುದನ್ನು ಕಮಲಾಕ್ಷಮ್ಮ ಒಪ್ಪುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಹೊಸ ಮಾದರಿಯ ಒಂದನ್ನು ಮಾಡಿ ಅವರ ಮುಂದಿಟ್ಟು, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು. ಗಂಡನ ಟಿಪ್ಪಣಿಯನ್ನೂ, ತಾವು ತಟ್ಟೆಯ ಪಕ್ಕದಲ್ಲಿಟ್ಟ ಸೂಜಿಯನ್ನೂ.

ಕಮಲಾಕ್ಷಮ್ಮ ಸ್ವೆಟರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬೆಚ್ಚಗಿರತ್ತಾ?"

"ಇರತ್ತೆ ಮಿಸ್."

"ಹೊಲಿಗೆ ಬಿಟ್ಕೊಳ್ಳತ್ತಾ?"

"ನಾನು ಹಾಕಿದ ಹೊಲಿಗೆ ಬಿಡಲ್ಲ."

"ಹಾಗಾದ್ರೆ ಆಗ್ಲೇ ಮಾಡಿರೋ ಎಂಬತ್ತೆರಡಕ್ಕೂ ಬೆನ್ನಲ್ಲಿ ಒಂದು ಗೆರೆ ಹೊಲಿದುಬಿಡಿ. ಮುಂದೆ ಗುಂಡಿ ಇಲ್ದಿದ್ರೆ ಪರವಾಗಿಲ್ಲ. ಪ್ರೇಯರ್‌ನಲ್ಲಿ ನಾನು ಹಿಂದೆ ನಿಂತಿರ್ತೀನಿ, ನನಗೆ ಕಾಣೋದು ಬೆನ್ನು ತಾನೇ."

ಇತ್ತ ಚಕ್ರಪಾಣಿ ಸೋಮವಾರ ಆ ಸುರುಳಿಯ ಚೀಟಿಯನ್ನು ಕಿತ್ತುಕೊಂಡು ಕಚೇರಿಗೆ ಹೋದರು. ಫೈಲು ತರಿಸಿ, ತಮ್ಮದೇ ಟಿಪ್ಪಣಿಯ ಕೆಳಗೆ ಬರೆದರು: 'ಮೇಲಿನ ಟಿಪ್ಪಣಿ ನನ್ನ ತಪ್ಪು. ಸೂಜಿ ಮಾಡಬಲ್ಲ ಕೈ ಇದೆ, ಅದಕ್ಕೆ ಬೇಕಾದ ಉಕ್ಕಿನ ತಂತಿ ಇಲ್ಲ. ಸದ್ಯಕ್ಕೆ ಸೂಜಿ, ಮುಂದಕ್ಕೆ ತಂತಿ ತರಿಸಲು ಅನುಮತಿ ನೀಡಬಹುದು.'

ಗೋಪೀನಾಥರು ಕೆಂಡವಾದರು. "ಏನ್ರೀ ಚಕ್ರಪಾಣಿ, ಆಷಾಢದಲ್ಲಿ ಸಿಗತ್ತೆ ಅಂದ್ರಿ, ಭಾದ್ರಪದದಲ್ಲಿ ಸಿಗಲ್ಲ ಅಂತೀರಿ. ನಡುವೆ ಸೂಜಿ ಬಾವೀಗೆ ಬಿತ್ತಾ?"

"ಸೂಜಿ ನಮ್ಮನೇಲೇ ಇದೆ ಸಾರ್. ಬಿದ್ದಿದ್ದು ನಾನು."

ತಪ್ಪು ಬರೆದಾಗ ಬೆನ್ನು ತಟ್ಟಿದ ಕಚೇರಿ ತಪ್ಪು ಒಪ್ಪಿಕೊಂಡಾಗ ವಿವರಣೆ ಕೇಳಿತು. ಬಡ್ತಿ ಒಂದು ವರ್ಷ ಹಿಂದೆ ಹೋಯಿತು. ಇದನ್ನು ಬರೆಯುವಾಗ ನನ್ನ ರಕ್ತ ಕುದಿಯುತ್ತದೆ. ಚಕ್ರಪಾಣಿಯವರದು ಕುದಿಯುವುದಿಲ್ಲ. "ಒಂದು ವರ್ಷ ತಾನೇ, ಗುರುಬಸಪ್ಪನವರು ಕಾಯ್ಲಿಲ್ವೇ" ಎನ್ನುತ್ತಾರೆ.

ದಸರಾ ರಜ ಮುಗಿದು ಶಾಲೆ ತೆರೆದ ದಿನ ಗಂಡ ಹೆಂಡತಿ ಇಬ್ಬರೂ ಜಟಕಾದಲ್ಲಿ ಮೂರು ಟ್ರಂಕು ಹಾಕಿಕೊಂಡು ಹೋದರು. ಕೊನೆಯ ಸ್ವೆಟರಿನ ಕೊನೆಯ ಗುಂಡಿಯನ್ನು ಚಕ್ರಪಾಣಿ ಜಟಕಾದಲ್ಲೇ ಹೊಲಿದರು. ನೂರ ಅರವತ್ತು ಮಕ್ಕಳು ಸಾಲಾಗಿ ನಿಂತರು. ಹಿಂದಿನಿಂದ ನೋಡಿದರೆ ನೂರ ಅರವತ್ತು ಕೆಂಪು ಬೆನ್ನು, ನೂರ ಅರವತ್ತು ಗೆರೆ. ಮಗ್ಗಿ ಹೇಳುವಾಗ ಹಲ್ಲು ಕಡಿಯುವ ಸದ್ದು ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಜಪಾನಿನ ಸೂಜಿ ಬಂತು. ಎಪ್ಪತ್ತಾರರಲ್ಲಿ ತಂತಿ ಬಂತು. ಚಿಕ್ಕಣ್ಣ ಈಗ ಮೂರು ಲೇತಿನ ಯಜಮಾನ. ಹೆಣಿಗೆಯವರಿಗೆಲ್ಲ ಅವನ ಸೂಜಿಯೇ. ಇನ್ನು ಹೊರಗಿನಿಂದ ತರಿಸುವುದು ನಿಂತಿತಲ್ಲ ಎಂದುಕೊಳ್ಳಬೇಡಿ. ಸೂಜಿ ನಿಂತು ತಂತಿ ಬಂತು. ತಂತಿ ಬಂದ ಮೇಲೆ, ಕೈಯಲ್ಲಿ ಅಷ್ಟು ಸೂಜಿಗೆ ನಾಲಿಗೆ ಕೂರಿಸುವುದು ಆಗದೆಂದು ಅವನು ಜರ್ಮನಿಯ ಒಂದು ಹಳೇ ಮಿಷನ್ನಿಗೆ ಅರ್ಜಿ ಹಾಕಿದ್ದಾನೆ. ಅರ್ಜಿ ಚಕ್ರಪಾಣಿಯವರ ಮೇಜಿಗೇ ಬಂತು. ಈ ಸಲ ಅವರು ಎದ್ದು ಶೆಡ್ಡಿಗೆ ಹೋಗಿ ನೋಡಿ ಬರೆದರು. ಬೆಳೆಯುವ ಊರಿಗೆ ಬೇಕು ಎಂಬುದು ಮುಗಿಯುವುದಿಲ್ಲ. ಒಂದನ್ನು ಇಲ್ಲೇ ಮಾಡಲು ಕಲಿತರೆ ಅದನ್ನು ಮಾಡಲು ಇನ್ನೊಂದು ಬೇಕಾಗುತ್ತದೆ. ಆದರೆ ಸೂಜಿಗೆ ಕೈ ಚಾಚುವ ಊರಿಗೂ ಮಿಷನ್ನಿಗೆ ಕೈ ಚಾಚುವ ಊರಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸದಲ್ಲಿ ಚಿಕ್ಕಣ್ಣನ ಹೊಸ ಎರಡು ಲೇತುಗಳು ನಿಂತಿವೆ. ಪೆಂಡಾಲಿನ ಮಹನೀಯರು ಅವನ್ನು ಎಣಿಸಲಿ.

ಈ ವರ್ಷ ಶಾಲೆಯಲ್ಲಿ ನಾನೂರು ಮಕ್ಕಳು. ಅನಂತಲಕ್ಷ್ಮಿಯವರ ಯಂತ್ರದಲ್ಲಿ ನೂರ ಎಂಬತ್ತು ಸೂಜಿಯೂ ಇವೆ, ಎಲ್ಲವೂ ಮಾರೇನಹಳ್ಳಿಯವು. ಮೊನ್ನೆ ಹೊಸದಾಗಿ ಸೇರಿದ ಒಂದು ಮಗುವಿಗೆ ಆಕೆ ಬೆನ್ನನ್ನು ಇಡಿಯಾಗಿ ಹೆಣೆದುಕೊಟ್ಟರು. ಮರುದಿನ ಆ ಮಗು ಅಜ್ಜಿ ಬೋರಮ್ಮನ ಕೈ ಹಿಡಿದುಕೊಂಡು ಅಳುತ್ತಾ ಬಂತು.

"ಏನಾಯ್ತು ಬೋರಮ್ಮ? ಬಿಗಿಯಾಯ್ತಾ?"

"ಬಿಗಿ ಅಲ್ಲ ಕಣ್ರವ್ವ. ಇದ್ರ ಬೆನ್ನಾಗೆ ಗೀಟಿಲ್ವಂತೆ. ನೀನು ನಮ್ಮ ಇಸ್ಕೂಲೋಳಲ್ಲ ಅಂತ ಎಲ್ಲಾ ಆಡ್ಕೊಂಡವ್ರೆ."

ಅನಂತಲಕ್ಷ್ಮಿ ಮಗುವನ್ನು ತಿರುಗಿಸಿ ನಿಲ್ಲಿಸಿಕೊಂಡು, ಬೇಕಿಲ್ಲದ ಕಡೆ, ಕತ್ತಿನಿಂದ ಸೊಂಟದವರೆಗೆ ನೆಟ್ಟಗೆ ಒಂದು ಹೊಲಿಗೆ ಹಾಕತೊಡಗಿದರು. ಪೇಪರಿನ ಹಿಂದಿನಿಂದ ಚಕ್ರಪಾಣಿಯವರ ದನಿ ಬಂತು.

"ಸುಮ್ನೆ ನೂಲು ದಂಡ ಕಣೇ."

"ಹೋಗಿ ಆಸ್ಟ್ರೇಲಿಯಾದ ಕುರೀಗೆ ಹೇಳಿ" ಎಂದು ಅನಂತಲಕ್ಷ್ಮಿ ದಾರ ಕಚ್ಚಿ ಹರಿದರು. ಮಗು ಕೈಯನ್ನು ಹಿಂದಕ್ಕೆ ತಿರುಗಿಸಿ, ಗೆರೆಯನ್ನು ಮುಟ್ಟಿ ನೋಡಿಕೊಂಡು, ಓಡಿತು.